ತಂತು ಸಿದ್ಧಾಂತದ ಹತ್ತು ಆಯಾಮಗಳನ್ನು ಎಣಿಸಿದವರು ಯಾರು?

ಪ್ರಶ್ನೆ (ಪಿಯು ಮೇಷ್ಟ್ರು): ತಂತು ಸಿದ್ಧಾಂತದ ಪ್ರಕಾರ ಎಲೆಕ್ಟ್ರಾನ್, ಕ್ವಾರ್ಕ್‌ನಂಥ ಮೂಲಕಣಗಳೆಲ್ಲ ಕಂಪಿಸುವ ತಂತುಗಳು ಎನ್ನುವಷ್ಟು ತರಗತಿಯಲ್ಲಿ ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗಿ, “ಸರ್, ಹತ್ತೇ ಆಯಾಮ ಏಕೆ? ಹನ್ನೆರಡಿದ್ದರೆ ಏನಾಗುತ್ತದೆ?” ಎಂದಳು. ದಯವಿಟ್ಟು ವೀಣೆಯ ತಂತಿಯ ಉದಾಹರಣೆ ಕೊಡಬೇಡಿ. ಆಯಾಮದ ಮಾತು ಬಂದ ಕೂಡಲೇ ಅದು ಕೈಕೊಡುತ್ತದೆ.

ಉತ್ತರ 1: ಮೇಷ್ಟ್ರೇ, ಯಾರೂ ಎಣಿಸಲಿಲ್ಲ, ಗಣಿತವೇ ಹಟ ಹಿಡಿಯಿತು. ತಂತುವಿಗೆ ಕ್ವಾಂಟಮ್ ನಿಯಮ ಹಚ್ಚಿದರೆ, ಬೇರೆ ಸಂಖ್ಯೆಗಳಲ್ಲಿ ಲೆಕ್ಕ ಸಾಪೇಕ್ಷತೆಯೊಂದಿಗೆ ಜಗಳವಾಡುತ್ತದೆ. ಬೋಸಾನ್‌ಗಳಷ್ಟೇ (ಬೆಳಕಿನ ಕಣದಂಥವು) ಇದ್ದ ಹಳೆಯ ರೂಪಕ್ಕೆ 26 ಆಯಾಮ ಬೇಕಿತ್ತು. ಎಲೆಕ್ಟ್ರಾನ್‌ನಂಥ ದ್ರವ್ಯಕಣಗಳನ್ನೂ ಒಳಗೊಂಡ ಸೂಪರ್‌ಸ್ಟ್ರಿಂಗ್ ರೂಪಕ್ಕೆ ಕಾಲವೂ ಸೇರಿ 10. ನಮಗೆ ಕಾಣದ ಆರು ಅತಿ ಸೂಕ್ಷ್ಮವಾಗಿ ಸುರುಳಿ ಸುತ್ತಿಕೊಂಡಿವೆ ಎಂಬುದು ಊಹೆ.

ಉತ್ತರ 2: ಇತಿಹಾಸವನ್ನೂ ಹೇಳಿ. ತಂತು ಸಿದ್ಧಾಂತದ ಬೇರಾದ, ಭೌತವಿಜ್ಞಾನಿ ವೆನೆಜಿಯಾನೊ ಅವರ 1968ರ ಸೂತ್ರ ಹುಟ್ಟಿದ್ದು ಪ್ರಬಲ ಬಲಕ್ಕಾಗಿ, ಅಂದರೆ ಪರಮಾಣು ಬೀಜವನ್ನು ಹಿಡಿದಿಡುವ ಬಲಕ್ಕಾಗಿ. ಅಲ್ಲಿ ಬೇಡದ ಅತಿಥಿಯಂತೆ ದ್ರವ್ಯರಾಶಿಯಿಲ್ಲದ, ಸ್ಪಿನ್ (ಕಣಕ್ಕೆ ಸಹಜವಾದ ಕೋನೀಯ ಸಂವೇಗ) 2ರ ಕಣವೊಂದು ಬರುತ್ತಿತ್ತು. 1974ರಲ್ಲಿ ಭೌತವಿಜ್ಞಾನಿಗಳಾದ ಶೆರ್ಕ್ ಮತ್ತು ಶ್ವಾರ್ಜ್ ಅದನ್ನೇ ಗ್ರಾವಿಟಾನ್, ಅಂದರೆ ಗುರುತ್ವವನ್ನು ಹೊತ್ತು ತರುವ ಕಣ ಎಂದರು. ಹೀಗೆ ಗುರುತ್ವವು ತಂತು ಸಿದ್ಧಾಂತದೊಳಗೆ ತಾನಾಗಿ ಬಂದು ಕುಳಿತಿತು!

ಉತ್ತರ 3: ಪುರಾವೆ ಎಲ್ಲಿದೆ ಎಂಬುದನ್ನೂ ಕೇಳಲಿ. ಸೂಪರ್‌ಸ್ಟ್ರಿಂಗ್ ನೆಚ್ಚಿಕೊಂಡಿರುವ ಸೂಪರ್‌ಸಿಮ್ಮೆಟ್ರಿ, ಪ್ರತಿ ಬಗೆಯ ಕಣಕ್ಕೂ ಒಂದು ಜೋಡಿ ಕಣವಿದೆ ಎನ್ನುತ್ತದೆ. ಕಣಗಳನ್ನು ಡಿಕ್ಕಿ ಹೊಡೆಸುವ ದೈತ್ಯ ಯಂತ್ರ ಎಲ್‌ಎಚ್‌ಸಿಯಲ್ಲಿ ಅಂಥ ಒಂದು ಕಣವೂ ಸಿಕ್ಕಿಲ್ಲ. ಆಯಾಮಗಳನ್ನು ಸುತ್ತುವ ಬಗೆಗಳೋ, ಒಂದರ ಮುಂದೆ 500 ಸೊನ್ನೆಗಳಷ್ಟು ಎಂಬ ಅಂದಾಜು. ಒಂದೊಂದೂ ಬೇರೆ ಭೌತನಿಯಮಗಳ ವಿಶ್ವ. ಇಷ್ಟು ಉದಾರ ಸಿದ್ಧಾಂತವನ್ನು ಸುಳ್ಳೆಂದು ತೋರಿಸುವುದು ಹೇಗೆ?

ಪಿಯು ಮೇಷ್ಟ್ರು: ಆ ಕೊನೆಯ ಪ್ರಶ್ನೆಯನ್ನು ಸೋಮವಾರ ಅವಳಿಗೇ ಕೇಳುತ್ತೇನೆ.