ಲಕ್ಕುಂಡಿ, ಧಾರವಾಡದ ವಸ್ತುಸಂಗ್ರಹಾಲಯಗಳು: ಪ್ರವಾಸದ ಖರ್ಚು ಉಳಿಸುವುದು ಹೇಗೆ?

ಪ್ರಶ್ನೆ (ಹಾವೇರಿಯಿಂದ):
ನಾನು, ನನ್ನ ಪತ್ನಿ, ತಾಯಿಯವರು ಹಾಗೂ ಹತ್ತು ಮತ್ತು ಹದಿಮೂರು ವರ್ಷದ ಇಬ್ಬರು ಮಕ್ಕಳು ಎರಡು ದಿನ ಧಾರವಾಡ ಮತ್ತು ಲಕ್ಕುಂಡಿಯ ವಸ್ತುಸಂಗ್ರಹಾಲಯಗಳನ್ನು ನೋಡಬೇಕೆಂದಿದ್ದೇವೆ. ಬಾಡಿಗೆ ಕಾರಿನ ದರ ಕೇಳಿಯೇ ಹಿಂಜರಿಕೆಯಾಗಿದೆ. ಖರ್ಚು ತಗ್ಗಿಸುವ ದಾರಿಯನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಗದಗದಿಂದ):
ಸರ್, ಉಳಿತಾಯವಿರುವುದು ಟಿಕೆಟ್‌ನಲ್ಲಿ ಅಲ್ಲ, ಪ್ರಯಾಣದಲ್ಲಿ. ಶಕ್ತಿ ಯೋಜನೆಯಡಿ ತಮ್ಮ ತಾಯಿಯವರೂ ಪತ್ನಿಯವರೂ ಆಧಾರ್ ಕಾರ್ಡ್ ತೋರಿಸಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಬರಬಹುದು. ಗದಗದಿಂದ ಲಕ್ಕುಂಡಿ ಸುಮಾರು 12 ಕಿಲೋಮೀಟರ್ ಅಷ್ಟೇ. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ತಾಣಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ಆದರೆ ಲಕ್ಕುಂಡಿಯ ಶಿಲ್ಪ ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ನೆಂಟರನ್ನು ಕರೆದೊಯ್ದು ಬಾಗಿಲಿನ ಬೀಗ ನೋಡಿ ಮರಳಿದ ಬೇಸರ ನನಗಿನ್ನೂ ಇದೆ. ಪಕ್ಕದಲ್ಲೇ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯವಿದೆ. ಅದರೊಳಗಿನ ಚತುರ್ಮುಖ ಬ್ರಹ್ಮನ ಮೂರ್ತಿಯನ್ನು ಮಕ್ಕಳಿಗೆ ಸುತ್ತು ಹಾಕಿಸಿ, ಒಂದೊಂದೇ ಮುಖವನ್ನು ನಿಧಾನವಾಗಿ ತೋರಿಸಿ.

ಉತ್ತರ (ಧಾರವಾಡದಿಂದ):
ಇಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ, 1939ರಲ್ಲಿ ಆರಂಭವಾದ ಕನ್ನಡ ಸಂಶೋಧನಾ ಸಂಸ್ಥೆಯ ಸಂಗ್ರಹಾಲಯವನ್ನು ತಪ್ಪಿಸಬೇಡಿ. ಭಾನುವಾರ ನೆಚ್ಚಿಕೊಳ್ಳದೆ ಕೆಲಸದ ದಿನವೇ ಬನ್ನಿ. ಮಧ್ಯಾಹ್ನಕ್ಕೆ ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದರೆ ಐದು ಜನರ ಊಟದ ಖರ್ಚೂ ಉಳಿಯುತ್ತದೆ.

ಪ್ರಶ್ನಿಸಿದವರು:
ಇಬ್ಬರಿಗೂ ಧನ್ಯವಾದಗಳು. ಬುಧವಾರ ಧಾರವಾಡ, ಗುರುವಾರ ಲಕ್ಕುಂಡಿ ಎಂದು ನಿಶ್ಚಯಿಸಿದ್ದೇವೆ.