ಮಕ್ಕಳ ಓಟಿ (ಆಕ್ಯುಪೇಷನಲ್ ಥೆರಪಿ) ಪೋಸ್ಟಿಂಗ್‌ಗೆ ಹೋಗೋ ಮುಂಚೆ ಏನೇನು ಗೊತ್ತಿರ್ಬೇಕು? ಅನುಭವ ಇರೋರು ಹೇಳಿ

ಬಿಓಟಿ ಮೂರನೇ ವರ್ಷ ನಾನು. ಮುಂದಿನ ತಿಂಗಳು ಪೀಡಿಯಾಟ್ರಿಕ್ ಪೋಸ್ಟಿಂಗ್. ಥಿಯರಿ ಓದಿದೀನಿ, ಆದ್ರೆ ಇದುವರೆಗೂ ಒಂದು ಮಗೂಗೂ ಕೈಯಾರೆ ಥೆರಪಿ ಮಾಡಿಲ್ಲ. ಭಯ ಆಗ್ತಿದೆ, ಹೇಗೆ ಕಲಿತ್ರಿ ನೀವೆಲ್ಲ?

— ಮೊದಲ ದಿನಾನೇ ಮುಟ್ಟೋಕೆ ಹೋಗ್ಬೇಡಿ. ಮ್ಯಾಟ್ ಮೇಲೆ ಕೂತು ಮಗು ಆಡೋದನ್ನ ನೋಡಿ, ನಾಲ್ಕು ಕಾಳು ಮಂಡಕ್ಕಿ ಹಾಕಿ, ಯಾವ ಕೈ ಮೊದಲು ಬರುತ್ತೆ, ಹೆಬ್ಬೆರಳು ತೋರುಬೆರಳು ಸೇರಿಸಿ ಎತ್ತುತ್ತಾ ಇಲ್ಲಾ ಅಂಗೈಯಲ್ಲೇ ಬಾಚುತ್ತಾ, ಆ ಹೊತ್ತಲ್ಲಿ ಬೆನ್ನು ನೆಟ್ಟಗಿರುತ್ತಾ, ಇಷ್ಟರಲ್ಲೇ ಅರ್ಧ ಅಸೆಸ್‌ಮೆಂಟ್ ಮುಗಿಯುತ್ತೆ. ಆಮೇಲೆ ಸಿಪಿ (ಸೆರೆಬ್ರಲ್ ಪಾಲ್ಸಿ) ಇರೋ ಮಗು ಮುಷ್ಟಿ ಬಿಗಿ ಹಿಡಿದಿದ್ರೆ ಬೆರಳ ತುದಿ ಹಿಡಿದು ಎಳೀಬೇಡಿ, ಎಳೆದಷ್ಟೂ ಬಿಗಿಯುತ್ತೆ. ಮಣಿಕಟ್ಟನ್ನ ನಿಧಾನಕ್ಕೆ ಒಳಗಡೆ ಬಗ್ಗಿಸಿ, ಹೆಬ್ಬೆರಳನ್ನ ಬುಡದಲ್ಲಿ ಹಿಡಿದು ಹೊರಗೆ ತಂದ್ರೆ ಉಳಿದ ಬೆರಳು ಸಡಿಲ ಆಗ್ತಾ ಬರುತ್ತೆ. ಇದು ಓದಿದ್ರೆ ಬರಲ್ಲ, ಸೀನಿಯರ್ ನಿಮ್ಮ ಕೈ ಮೇಲೆ ಅವರ ಕೈ ಇಟ್ಟು ಮಾಡಿಸ್ಬೇಕು, ಎಷ್ಟು ಒತ್ಬೇಕು ಅಂತ ಆಗ್ಲೇ ಗೊತ್ತಾಗೋದು. ದಯವಿಟ್ಟು ಬಾಯಿಬಿಟ್ಟು ಕೇಳಿ. ಡಬ್ಲ್ಯುಎಫ್‌ಓಟಿ (ಓಟಿಗಳ ವಿಶ್ವ ಒಕ್ಕೂಟ) ಪ್ರಕಾರ ಕನಿಷ್ಠ 1000 ಗಂಟೆ ಫೀಲ್ಡ್‌ವರ್ಕ್ ಆಗ್ಬೇಕು, ಆದ್ರೆ ಅದು ಎಲ್ಲಾ ವಿಭಾಗ ಸೇರಿ, ಮಕ್ಕಳ ಪಾಲಿಗೆ ಬರೋದು ಅದರಲ್ಲಿ ಒಂದು ಭಾಗ ಅಷ್ಟೇ, ಅದನ್ನೂ ಮೂಲೇಲಿ ನಿಂತು ನೋಟ್ಸ್ ಬರೆದು ಕಳೆದ್ರೆ ಹೇಗೆ?

— ಮೇಲಿನವರು ಹೇಳಿದ್ದು ಸರಿ. ಥೆರಪೀಲಿ ಬಳಸೋ ಸ್ವಿಂಗ್ (ಉಯ್ಯಾಲೆ) ಬಗ್ಗೆ ನಂದೊಂದು ಮಾತು. ಮಗು ನಗ್ತಿದೆ ಅಂತ ತೂಗ್ತಾನೇ ಇರ್ಬೇಡಿ, ಮುಖ ಬಿಳಿಚಿಕೊಂಡ್ರೆ, ಬೆವರಿದ್ರೆ, ಪದೇ ಪದೇ ಆಕಳಿಸಿದ್ರೆ ತಕ್ಷಣ ನಿಲ್ಲಿಸಿ ಸೂಪರ್‌ವೈಸರ್‌ಗೆ ಹೇಳಿ. ಫಿಟ್ಸ್ ಹಿಸ್ಟರಿ ಮೊದಲೇ ಕೇಳಿರಿ. ಜಾಸ್ತಿ ಮಕ್ಕಳನ್ನ ನೋಡ್ಬೇಕು ಅಂದ್ರೆ ಜಿಲ್ಲಾಸ್ಪತ್ರೆಯ ಡಿಇಐಸಿಗೆ (ಮಕ್ಕಳ ಬೆಳವಣಿಗೆ ತೊಂದರೆಗೆ ಬೇಗ ಚಿಕಿತ್ಸೆ ಕೊಡೋ ಕೇಂದ್ರ) ಕಾಲೇಜಿಂದ ಲೆಟರ್ ತಗೊಂಡು ಹೋಗಿ ವಿಚಾರಿಸಿ.

— ನಾನು ಥೆರಪಿಸ್ಟ್ ಅಲ್ಲ, ತಾಯಿ. ಮಗನಿಗೆ ಆಟಿಸಂ, ಮಾತಿಲ್ಲ, ಆದ್ರೆ ಎಲ್ಲಾ ಕೇಳಿಸ್ಕೊತಾನೆ. ಅವನ ಎದುರಿಗೇ 'ಇವನಿಗೆ ಇದು ಬರಲ್ಲ' ಅಂತ ಮಾತಾಡ್ಬೇಡಿ ಪ್ಲೀಸ್. ಇನ್ನೊಂದು, ಹೋಮ್ ಪ್ರೋಗ್ರಾಂ ಅಂತ ಶೀಟ್ ಕೊಡ್ತಾರೆ, ನಮ್ಮನೇಲಿ ಥೆರಪಿ ಬಾಲೂ ಇಲ್ಲ, ಬೋಲ್ಸ್ಟರ್ ಅನ್ನೋ ಉದ್ದ ಉರುಟು ದಿಂಬೂ ಇಲ್ಲ. ಒಬ್ಬ ಸ್ಟೂಡೆಂಟ್ ಮಾತ್ರ ನಮ್ಮನೇಲಿ ದಿನಾ ಏನೇನು ಕೆಲಸ ನಡೆಯುತ್ತೆ ಅಂತ ಕೇಳಿ, ಚಪಾತಿ ಹಿಟ್ಟು ನಾದಿಸೋದು, ಒಣಗಿದ ಬಟ್ಟೆಯಿಂದ ಕ್ಲಿಪ್ ತೆಗೆಸೋದು ತೋರಿಸಿಕೊಟ್ಲು. ಅದು ಇವತ್ತಿಗೂ ನಡೀತಿದೆ. ನೀವೂ ಬರೀ ಬಾಯಲ್ಲಿ ಹೇಳಿ ಕಳಿಸ್ಬೇಡಮ್ಮ, ತಾಯಂದಿರ ಕೈಯಲ್ಲಿ ಅಲ್ಲೇ ಒಂದ್ಸಲ ಮಾಡಿಸಿ ನೋಡಿ ಕಳಿಸು.