ಓದಿದ ಪುಸ್ತಕಗಳ ನಂಟು ಹುಡುಕಲು ಎಐ: ನಿಮ್ಮ ಅನುಭವ ತಿಳಿಸಿ

ಕೇಳಿದವರು: ಎಂಟು ವರ್ಷಗಳಿಂದ ಓದಿದ ಕಾದಂಬರಿಗಳ ಬಗ್ಗೆ ಕೈಬರಹದಲ್ಲಿ ಟಿಪ್ಪಣಿ ಬರೆದಿಡುತ್ತಿದ್ದೇನೆ. ಐದು ನೋಟ್‌ಬುಕ್ ತುಂಬಿವೆ. ಒಂದು ಪುಸ್ತಕ ಓದುವಾಗ ಇನ್ನೊಂದು ನೆನಪಾಗುತ್ತದೆ, ಏಕೆ ನೆನಪಾಯಿತು ಎಂಬುದು ಮಾತ್ರ ಕೈಗೆ ಸಿಗುವುದಿಲ್ಲ. ಎಐ ಬಳಸಿ ಈ ನಂಟುಗಳ ನಕ್ಷೆ ಮಾಡಿದವರು ಎಲ್ಲಿಂದ ಆರಂಭಿಸಿದಿರಿ, ಎಲ್ಲಿ ಎಡವಿದಿರಿ ಎಂದು ದಯವಿಟ್ಟು ಹೇಳಿ.

ಮೊದಲ ಉತ್ತರ: ನಾನು ಎಡವಿದ್ದು ಮೊದಲ ದಿನವೇ. ಪುಸ್ತಕಗಳ ಹೆಸರಿನ ಪಟ್ಟಿ ಕೊಟ್ಟು ಇವುಗಳಿಗೆ ಏನು ಸಂಬಂಧ ಎಂದು ಕೇಳಿದೆ. ‘ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷ’ ಎಂಬ ಮಾತು ಎಲ್ಲ ಪುಸ್ತಕಗಳಿಗೂ ಅಂಟಿಕೊಂಡು ಬಂತು. ‘ಫಣಿಯಮ್ಮ’ ಕಾದಂಬರಿಯ ಬಾಲವಿಧವೆ ಫಣಿಯಮ್ಮ ಕೊನೆಗೆ ಮರುಮದುವೆಯಾಗುತ್ತಾಳೆ ಎಂದೂ ಬರೆದಿತ್ತು. ಬದುಕಿಡೀ ಮಡಿಯಲ್ಲೇ ಕಳೆದ ಆ ಜೀವಕ್ಕೆ ಇಲ್ಲದ ಮದುವೆ ಕಟ್ಟಿದ್ದನ್ನು ಓದಿ ನನಗೆ ನಿಜವಾಗಿ ನೋವಾಯಿತು.

ಆಮೇಲೆ ಪಟ್ಟಿ ಬಿಟ್ಟು ನನ್ನ ಟಿಪ್ಪಣಿಗಳನ್ನೇ ಕೊಟ್ಟೆ. ವಿಧವೆಯರು ಬರುವ ಐದು ಕಾದಂಬರಿಗಳನ್ನು ಆರಿಸಿಕೊಂಡೆ: ‘ಇಂದಿರಾಬಾಯಿ’ (1899), ‘ಮರಳಿ ಮಣ್ಣಿಗೆ’, ‘ವಂಶವೃಕ್ಷ’ (1965), ‘ಮೂಕಜ್ಜಿಯ ಕನಸುಗಳು’ (1968), ‘ಫಣಿಯಮ್ಮ’ (1976). ನಂಟು ಹೇಳುವಾಗಲೆಲ್ಲ ನನ್ನ ಟಿಪ್ಪಣಿಯ ಎರಡು ಸಾಲು ಎತ್ತಿ ತೋರಿಸಬೇಕು, ಸಾಲು ಸಿಗದಿದ್ದರೆ ಇಲ್ಲ ಎನ್ನಬೇಕು ಎಂದು ಕಟ್ಟು ಹಾಕಿದೆ. ನಂಟು ಎಂಥದ್ದು ಎಂಬುದನ್ನೂ ಒಂದೇ ಕ್ರಿಯಾಪದದಲ್ಲಿ ಹೇಳಿಸಿದೆ: ಮುಂದುವರಿಸುತ್ತದೆ, ಎದುರಾಡುತ್ತದೆ, ತಿದ್ದುತ್ತದೆ.

‘ಮರಳಿ ಮಣ್ಣಿಗೆ’ಯ ಸರಸೋತಿಯ ಬಗ್ಗೆ ನಾನು ಬರೆದಿದ್ದ ಸಾಲು: “ದುಡಿಮೆಯೆಲ್ಲ ಇವಳ ಹೆಗಲ ಮೇಲೆ, ಮನೆ ಮಾತ್ರ ಇವಳದ್ದಲ್ಲ.” ಮೂರು ವರ್ಷದ ನಂತರ ಫಣಿಯಮ್ಮನ ಬಗ್ಗೆ ಬರೆದದ್ದು: “ಹೆರಿಗೆಗೆ ಇವಳ ಕೈ ಬೇಕು, ಹಸೆಯ ಮುಂದೆ ಇವಳ ಮುಖ ಬೇಡ.” ಎರಡನ್ನೂ ಅದು ಅಕ್ಕಪಕ್ಕ ಇಟ್ಟಿತು. ಒಂದು ಕರಾವಳಿಯ ಪುಸ್ತಕ, ಇನ್ನೊಂದು ಮಲೆನಾಡಿನದು ಎಂದು ನಾನು ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದ್ದೆ. ಇಬ್ಬರ ನಡುವಿನ ನಂಟು ದುಃಖವಲ್ಲ, ಕೂಲಿಯಿಲ್ಲದ ದುಡಿಮೆ ಎಂಬುದು ಆಗ ಹೊಳೆಯಿತು. ಆ ಹೊತ್ತು ಬಹಳ ಖುಷಿಯಾಯಿತು.

ಒಪ್ಪದ ನಂಟೂ ಇತ್ತು. ‘ವಂಶವೃಕ್ಷ’ವು ‘ಇಂದಿರಾಬಾಯಿ’ಯನ್ನು ಮುಂದುವರಿಸುತ್ತದೆ ಎಂದಿತು. ಇಂದಿರೆಯ ಕಥೆ ಮರುಮದುವೆಯಲ್ಲಿ ದಡ ಸೇರುತ್ತದೆ. ‘ವಂಶವೃಕ್ಷ’ದ ಕಾತ್ಯಾಯನಿಗೋ ಮರುಮದುವೆಯಿಂದಲೇ ಇನ್ನೊಂದು ಸಂಕಟ ಶುರು, ಮಗ ಮಾವನ ಮನೆಯಲ್ಲೇ ಉಳಿಯುತ್ತಾನೆ. ‘ಮುಂದುವರಿಸುತ್ತದೆ’ ಹೊಡೆದುಹಾಕಿ ‘ಎದುರಾಡುತ್ತದೆ’ ಎಂದು ನಾನೇ ಬರೆದೆ. ಈ ತಿದ್ದುವ ಕೆಲಸವನ್ನು ಯಂತ್ರಕ್ಕೆ ಬಿಡಬೇಡಿ.

ಮೂಕಜ್ಜಿಗೆ ಮಾತ್ರ ಒಂದು ನಂಟೂ ಬರಲಿಲ್ಲ. ಹುಡುಕಿದರೆ ತಪ್ಪು ನನ್ನದೇ. ಅಜ್ಜಿ ದೇವರ ಬಗ್ಗೆ ಆಡುವ ಮಾತುಗಳನ್ನು ಪುಟಗಟ್ಟಲೆ ಬರೆದುಕೊಂಡಿದ್ದೆ, ಅವಳು ಬಾಲವಿಧವೆ ಎಂಬುದನ್ನು ಒಂದು ಸಾಲಿನಲ್ಲೂ ಬರೆದಿರಲಿಲ್ಲ. ಮತ್ತೆ ಓದಲು ಪುಸ್ತಕವನ್ನು ಕಪಾಟಿನಿಂದ ಕೆಳಗಿಳಿಸಿದೆ.

ಎರಡನೆಯ ಉತ್ತರ: ಕೈಬರಹ ಎಂದಿದ್ದೀರಿ, ಅದಕ್ಕೆ ಇದು. ಪುಟಗಳ ಫೋಟೊ ತೆಗೆದು ಓದಿಸಿದಾಗ ನನ್ನ ಒತ್ತಕ್ಷರಗಳು ಅರ್ಧಕ್ಕರ್ಧ ತಪ್ಪಾದವು. ಮೊಬೈಲಿನ ಧ್ವನಿ ಟೈಪಿಂಗ್‌ಗೆ ಟಿಪ್ಪಣಿಗಳನ್ನು ನಾನೇ ಗಟ್ಟಿಯಾಗಿ ಓದಿ ಹೇಳಿದೆ. ಹಳೆಯ ಟಿಪ್ಪಣಿ ಮತ್ತೊಮ್ಮೆ ಓದಿದಂತೆಯೂ ಆಯಿತು. ಪ್ರತಿಯೊಂದಕ್ಕೂ ಪುಸ್ತಕದ ಹೆಸರು, ಪುಟಸಂಖ್ಯೆ ಸೇರಿಸಿ.

ನಾವು ಕೊಟ್ಟ ಬರಹಗಳನ್ನೇ ಓದಿ ಉತ್ತರಿಸುವ ಗೂಗಲ್‌ನ ಎಐ ಸಾಧನ ನೋಟ್‌ಬುಕ್‌ಎಲ್‌ಎಂನಲ್ಲಿ ಉತ್ತರ ನಿಮ್ಮ ಯಾವ ಟಿಪ್ಪಣಿಯಿಂದ ಬಂತು ಎಂದು ಒತ್ತಿ ನೋಡಬಹುದು. ನಕ್ಷೆಗೆ ಒಬ್ಸಿಡಿಯನ್ ಎಂಬ ಟಿಪ್ಪಣಿ ತಂತ್ರಾಂಶ ಸಾಕು: ಒಂದು ಟಿಪ್ಪಣಿಯೊಳಗೆ ಇನ್ನೊಂದು ಟಿಪ್ಪಣಿಯ ಹೆಸರಿನ ಸುತ್ತ ಎರಡೆರಡು ಚೌಕ ಆವರಣ ಹಾಕಿದರೆ ಟಿಪ್ಪಣಿಗಳು ಚುಕ್ಕಿಗಳಾಗಿ, ನಂಟುಗಳು ಗೆರೆಗಳಾಗಿ ಕಾಣುತ್ತವೆ. ಇಡೀ ಪುಸ್ತಕ ಸ್ಕ್ಯಾನ್ ಮಾಡಿ ಏರಿಸಲು ಹೋಗಬೇಡಿ. ಹಕ್ಕುಸ್ವಾಮ್ಯದ ಪ್ರಶ್ನೆ ಬರುತ್ತದೆ, ಬೇಕಾಗಿಯೂ ಇಲ್ಲ.

ಅರ್ಥ ನೋಡಿ ಹುಡುಕುವ ತಂತ್ರಾಂಶ ಪ್ರತಿ ಸಾಲನ್ನೂ ಅಂಕಿಗಳ ಸರಣಿಯಾಗಿ ಮಾಡಿ, ಹತ್ತಿರ ಬಿದ್ದವನ್ನು ಒಟ್ಟಿಗೆ ತರುತ್ತದೆ. ವಿಭಕ್ತಿ ಬದಲಾದರೂ ಪದ ಗುರುತಿಸುವುದರಿಂದ ಕನ್ನಡಕ್ಕೆ ಇದು ಅನುಕೂಲ. ಆದರೆ ಹತ್ತಿರವಿದ್ದದ್ದೆಲ್ಲ ನಂಟಲ್ಲ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಹುಲಿಯ ಎಂಬ ನಾಯಿ ತುಂಗೆಯ ಪಾಲಾಗುವ ಟಿಪ್ಪಣಿಯನ್ನು ನನ್ನ ತಂತ್ರಾಂಶ ಅಣೆಕಟ್ಟಿನ ಬಗೆಗಿನ ಒಂದು ಪುಸ್ತಕದ ಪಕ್ಕ ತಂದಿಟ್ಟಿತು. ಎರಡರಲ್ಲೂ ನೆರೆ ಇದೆ, ಅಷ್ಟೇ.

ಮೂರನೆಯ ಉತ್ತರ: ಒಂದೇ ಮಾತು, ಓದು ಮುಗಿಯುವ ಮೊದಲು ನಂಟು ಕೇಳಬೇಡಿ. ‘ಬೆಟ್ಟದ ಜೀವ’ ಅರ್ಧ ಓದಿದ್ದಾಗ ಕೇಳಿಬಿಟ್ಟೆ. ಮನೆ ಬಿಟ್ಟುಹೋದ ಮಗನ ಎಳೆ ಹಿಡಿದುಕೊಂಡು ಇನ್ನೂ ಮೂರು ಪುಸ್ತಕ ಹೇಳಿತು. ಅಲ್ಲಿಂದ ಮುಂದೆ ಪುಟಪುಟದಲ್ಲೂ ಆ ಮಗ ಶಂಭುವನ್ನೇ ಹುಡುಕುತ್ತಾ ಹೋದೆ. ಅವನ ತಂದೆತಾಯಿ ಗೋಪಾಲಯ್ಯ, ಶಂಕರಮ್ಮ ಎದುರಿಗೇ ಇದ್ದರು, ಅವರ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಈಗ ಪುಸ್ತಕ ಮುಗಿಸಿ, ಒಂದು ರಾತ್ರಿ ಕಳೆದು, ನನ್ನ ಟಿಪ್ಪಣಿ ಬರೆದಾದ ಮೇಲೆ ಕೇಳುತ್ತೇನೆ.